ವೃದ್ಧಾಪ್ಯದಲ್ಲಿ ತಿರುಗಿಕೊಳ್ಳುವುದು: ‘ವಂಶವೃಕ್ಷ’ ಕಾದಂಬರಿಯ ಮರುಓದು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳ ತಾಲ್ಲೂಕು ಕಚೇರಿಗಳ ಮುಂದೆ ‘ವಂಶವೃಕ್ಷ’ ಎಂಬ ಮಾತು ದಿನವೂ ಕಿವಿಗೆ ಬೀಳುತ್ತದೆ. ಅಲ್ಲಿ ಅದು ಒಂದು ಕಾಗದದ ಹೆಸರು. ತಂದೆಯೋ ತಾತನೋ ತೀರಿಕೊಂಡ ಮೇಲೆ ಜಮೀನು ಉತ್ತರಾಧಿಕಾರಿಗಳ ಹೆಸರಿಗೆ ಬರಬೇಕಾದರೆ ಪೌತಿ ಖಾತೆಯ ಅರ್ಜಿಯೊಂದಿಗೆ ಕುಟುಂಬದ ವಂಶವೃಕ್ಷವನ್ನು ಲಗತ್ತಿಸಬೇಕು. ಮೇಲೆ ಒಂದು ಹೆಸರು, ಅದರ ಕೆಳಗೆ ಗೆರೆಗಳು, ಗೆರೆಗಳ ತುದಿಯಲ್ಲಿ ಮತ್ತೆ ಹೆಸರುಗಳು. ಆ ಚಿತ್ರವನ್ನು ಬರೆಸಲು ಕುಳಿತ ವೃದ್ಧರ ಪಕ್ಕದಲ್ಲಿ ಕುಳಿತು ನೋಡಿದವರಿಗೆ ಗೊತ್ತು: ಅಲ್ಲಿ ಕೆಲವು ಹೆಸರುಗಳು ಮರೆತುಹೋಗುತ್ತವೆ, ಕೆಲವನ್ನು ಬೇಕೆಂದೇ ಬಿಡಲಾಗುತ್ತದೆ. ಕೊಟ್ಟ ಮನೆಗೆ ಹೋದ ಮಗಳು, ಮನೆಬಿಟ್ಟು ಹೋದ ಸೊಸೆ, ಎರಡನೆಯ ಸಂಬಂಧದ ಮಕ್ಕಳು ಗೆರೆಯ ಹೊರಗೇ ಉಳಿಯುತ್ತಾರೆ. 2005ರ ಕಾಯಿದೆ ತಿದ್ದುಪಡಿಯ ನಂತರ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ದೊರೆಯಿತಾದರೂ, ಬರೆಯುವ ಕೈ ಇನ್ನೂ ಹಳೆಯ ಅಭ್ಯಾಸವನ್ನು ಬಿಟ್ಟಿಲ್ಲ. ನಮ್ಮ ಸಭೆಗಳ ಕುಟುಂಬಗಳಿಗೆ ಅನ್ವಯಿಸುವ ಕಾಯಿದೆ ಬೇರೆ. ಆದರೆ ಅಭ್ಯಾಸ ಬೇರೆಯೆಂದು ಹೇಳುವ ಧೈರ್ಯ ನಮಗಿಲ್ಲ.

ಈ ಹೆಸರಿನ ಕಾದಂಬರಿಯನ್ನು ಎಸ್. ಎಲ್. ಭೈರಪ್ಪನವರು 1965ರಲ್ಲಿ ಪ್ರಕಟಿಸಿದರು. ಅವರು ಹುಟ್ಟಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ, 1931ರಲ್ಲಿ. ನಿಧನರಾದದ್ದು 2025ರ ಸೆಪ್ಟೆಂಬರ್ 24ರಂದು, ಬೆಂಗಳೂರಿನಲ್ಲಿ. ಅವರ ಮರಣಾನಂತರ ನಾವು ‘ವಂಶವೃಕ್ಷ’ವನ್ನು ಮತ್ತೊಮ್ಮೆ ಕೈಗೆತ್ತಿಕೊಂಡೆವು. ಮೊದಲ ಓದಿನಲ್ಲಿ ವಿಧವಾ ವಿವಾಹದ ಕಥೆಯಾಗಿ, ಸಂಪ್ರದಾಯ ಮತ್ತು ಆಧುನಿಕತೆಗಳ ಸಂಘರ್ಷವಾಗಿ ಕಂಡಿದ್ದ ಈ ಕೃತಿ ಈಗ ಬೇರೊಂದು ರೂಪದಲ್ಲಿ ಎದುರಾಯಿತು. ಇದು ಒಬ್ಬ ವೃದ್ಧನ ಕಥೆ. ಬಾಳನ್ನೆಲ್ಲ ಒಂದು ನಂಬಿಕೆಯ ಮೇಲೆ ಕಟ್ಟಿ, ಆ ನಂಬಿಕೆಯ ತಳಹದಿ ಸುಳ್ಳೆಂದು ಬಾಳಿನ ಕೊನೆಯಲ್ಲಿ ತಿಳಿದುಕೊಂಡು, ಇನ್ನು ಉಳಿದ ದಿನಗಳಲ್ಲಿ ಏನು ಮಾಡಬೇಕೆಂದು ಕೇಳಿಕೊಳ್ಳುವವನ ಕಥೆ.

ಈ ಪತ್ರಿಕೆಯ ಓದುಗರಲ್ಲಿ ಕೆಲವರಿಗೆ ನಮ್ಮ ಆಯ್ಕೆ ಅಚ್ಚರಿ ತರಬಹುದು. ಭೈರಪ್ಪನವರು 1961ರ ‘ಧರ್ಮಶ್ರೀ’ಯಲ್ಲಿ ಕ್ರೈಸ್ತ ಮತಾಂತರವನ್ನೇ ವಸ್ತುವಾಗಿಸಿಕೊಂಡವರು, 2008ರಲ್ಲಿ ಮತಾಂತರವನ್ನು ಕುರಿತು ‘ವಿಜಯ ಕರ್ನಾಟಕ’ದಲ್ಲಿ ಅವರು ಬರೆದ ಲೇಖನ ಎಬ್ಬಿಸಿದ ವಾಗ್ವಾದ ಇನ್ನೂ ಹಲವರ ನೆನಪಿನಲ್ಲಿದೆ. ನಮ್ಮ ಬಗ್ಗೆ ಅವರು ತಳೆದ ನಿಲುವುಗಳನ್ನು ನಾವು ಒಪ್ಪಿಲ್ಲ, ಈಗಲೂ ಒಪ್ಪುವುದಿಲ್ಲ. ಆದರೆ ಒಬ್ಬ ಲೇಖಕನೊಂದಿಗೆ ನಮಗಿರುವ ಜಗಳವು ಅವನ ಅತ್ಯುತ್ತಮ ಪುಟಗಳನ್ನು ಓದದಿರುವುದಕ್ಕೆ ಕಾರಣವಾದರೆ ನಷ್ಟ ನಮ್ಮದೇ. ಅಲ್ಲದೆ ನಮ್ಮ ಸಭೆಗಳ ಹಿರಿಯರಲ್ಲಿ ಈ ಕಾದಂಬರಿಯನ್ನು ಓದಿದವರು, ಕಡೆಯ ಪಕ್ಷ 1971ರಲ್ಲಿ ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ನಿರ್ದೇಶಿಸಿದ ಚಲನಚಿತ್ರವನ್ನು ಕಂಡವರು, ನಾವು ಎಣಿಸಿದ್ದಕ್ಕಿಂತ ಹೆಚ್ಚು ಮಂದಿ ಇದ್ದಾರೆ.

ಕಥೆಯನ್ನು ಮರೆತವರಿಗಾಗಿ ನಾಲ್ಕು ಮಾತು. ಕಪಿಲಾ ತೀರದ ನಂಜನಗೂಡಿನಲ್ಲಿ ಶ್ರೀನಿವಾಸ ಶ್ರೋತ್ರಿಗಳು ಶಾಸ್ತ್ರಾಧ್ಯಯನಕ್ಕೂ ಗೃಹಸ್ಥಧರ್ಮಕ್ಕೂ ತಮ್ಮನ್ನು ಒಪ್ಪಿಸಿಕೊಂಡು ಬಾಳುವವರು. ಅವರ ಒಬ್ಬನೇ ಮಗ ನದಿಯ ಪಾಲಾಗುತ್ತಾನೆ. ಎಳೆಯ ವಯಸ್ಸಿನ ಸೊಸೆ ಕಾತ್ಯಾಯನಿ, ಹಸುಗೂಸು ಮೊಮ್ಮಗ ಚೀನಿ ಮನೆಯಲ್ಲಿ ಉಳಿಯುತ್ತಾರೆ. ಸೊಸೆ ಓದು ಮುಂದುವರಿಸಲು ಮೈಸೂರಿನ ಕಾಲೇಜಿಗೆ ಹೋಗುವುದಕ್ಕೆ ಶ್ರೋತ್ರಿಗಳು ಸಮ್ಮತಿಸುತ್ತಾರೆ. ಅಲ್ಲಿ ಅವಳು ಅಧ್ಯಾಪಕ ರಾಜನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಮಗುವನ್ನು ಕರೆದೊಯ್ಯಲು ಬಂದವಳು ಬರಿಗೈಯಲ್ಲಿ ಹಿಂದಿರುಗುತ್ತಾಳೆ. ಎರಡನೆಯ ಮದುವೆಯಲ್ಲಿ ಗರ್ಭಗಳು ನಿಲ್ಲುವುದಿಲ್ಲ. ದೇಹವೂ ಮನಸ್ಸೂ ಸೋಲುತ್ತವೆ. ಇನ್ನೊಂದು ಎಳೆಯಲ್ಲಿ ರಾಜನ ಅಣ್ಣ, ಇತಿಹಾಸದ ವಿದ್ವಾಂಸ ಸದಾಶಿವರಾಯರು ಮಹಾಗ್ರಂಥವೊಂದರ ರಚನೆಯಲ್ಲಿ ಮುಳುಗಿ, ಮನೆಯಲ್ಲಿ ಹೆಂಡತಿ ನಾಗಲಕ್ಷ್ಮಿ ಇರುವಾಗಲೇ ಸಿಂಹಳದ ಸಂಶೋಧಕಿ ಕರುಣರತ್ನೆಯನ್ನು ವಿವಾಹವಾಗುತ್ತಾರೆ.

ಸದಾಶಿವರಾಯರ ಎಳೆಯನ್ನು ನಾವು ಇಲ್ಲಿಗೇ ಬಿಡುತ್ತೇವೆ. ಅದು ಶ್ರೋತ್ರಿಗಳ ಎಳೆಯಷ್ಟು ಆಳವಾಗಿ ಇಳಿದಿಲ್ಲ. ಒಂದು ಮಾತು ಮಾತ್ರ ಹೇಳಬೇಕು. ಗ್ರಂಥವೊಂದಕ್ಕೆ ತನ್ನ ಆಯುಸ್ಸನ್ನು ತಿನ್ನಿಸಿದ ಈ ಪಂಡಿತ, ತಾನು ನೋಯಿಸಿದವಳತ್ತ ನಿಜವಾಗಿ ಹೊರಳಿ ನೋಡುವುದೇ ಇಲ್ಲ. ದೇವಶಾಸ್ತ್ರದ ಗ್ರಂಥಗಳ ನಡುವೆ ಬಾಳುವ ನಮ್ಮಂಥವರು ಅವನನ್ನು ಸಲೀಸಾಗಿ ದಾಟಿಹೋಗಲಾಗದು.

ಶ್ರೋತ್ರಿಗಳ ವೃದ್ಧಾಪ್ಯವನ್ನು ಭೈರಪ್ಪನವರು ಅವಸರವಿಲ್ಲದೆ ಕಟ್ಟಿದ್ದಾರೆ. ಬರೆದಾಗ ಲೇಖಕರಿಗೆ ಮೂವತ್ತರ ಹರೆಯ ಎಂಬುದನ್ನು ನೆನೆದರೆ ವಿಸ್ಮಯವಾಗುತ್ತದೆ. ಮುಪ್ಪನ್ನು ಹೊರಗಿನಿಂದ ನೋಡುವ ತರುಣ ಲೇಖಕರು ಸಾಮಾನ್ಯವಾಗಿ ಕೆಮ್ಮು, ಕೋಲು, ನೆನಪುಗಳಲ್ಲೇ ತೃಪ್ತರಾಗುತ್ತಾರೆ. ಇಲ್ಲಿ ಮುಪ್ಪು ಎಂದರೆ ಒಂದು ಶಿಸ್ತಿನ ಫಲ. ನಡುವಯಸ್ಸಿನಲ್ಲಿ, ಹೆಂಡತಿ ಇನ್ನೊಮ್ಮೆ ಹೆರುವಂತಿಲ್ಲವೆಂದಾದಾಗ, ಮನೆಯ ಕೆಲಸದ ಲಕ್ಷ್ಮಿಯ ವಿಷಯದಲ್ಲಿ ಎದುರಾದ ಪ್ರಲೋಭನೆಯನ್ನು ಶ್ರೋತ್ರಿಗಳು ಗೆಲ್ಲುತ್ತಾರೆ. ಆ ಗೆಲುವು ಅಗ್ಗದ್ದಲ್ಲ. ಮನಸ್ಸು ಎಷ್ಟು ಹತ್ತಿರ ಹೋಗಿ ಹಿಂದಿರುಗಿತೆಂಬುದನ್ನು ಲೇಖಕರು ಮರೆಮಾಚುವುದಿಲ್ಲ. ಹೀಗೆ ಕಷ್ಟಪಟ್ಟು ಗಳಿಸಿದ ನೈತಿಕ ಅಧಿಕಾರವೊಂದು ಅವರಿಗಿದೆ. ಸೊಸೆ ಮಗುವನ್ನು ಕೇಳಲು ಬಂದಾಗ ಅವರು ಬಲಪ್ರಯೋಗ ಮಾಡುವುದಿಲ್ಲ, ಶಾಪ ಹಾಕುವುದಿಲ್ಲ. ವಂಶದ ಮಾತನ್ನು ಆಡುತ್ತಾರೆ. ಮಗು ತಾಯಿಗಷ್ಟೇ ಸೇರಿದ್ದಲ್ಲ, ತಲೆತಲಾಂತರದಿಂದ ಹರಿದುಬಂದ ವಂಶಕ್ಕೆ ಸೇರಿದ್ದು ಎಂಬ ವಿಚಾರವೇ ಅವರ ಶಾಂತ ಧ್ವನಿಯ ಹಿಂದಿರುವ ಶಕ್ತಿ. ಕಾತ್ಯಾಯನಿ ಸೋಲುವುದು ಕ್ರೌರ್ಯದ ಎದುರಿನಲ್ಲಿ ಅಲ್ಲ, ಸಜ್ಜನಿಕೆಯ ಎದುರಿನಲ್ಲಿ. ಕ್ರೌರ್ಯವಾಗಿದ್ದರೆ ಅವಳು ಎದುರಿಸುತ್ತಿದ್ದಳೇನೋ.

ಇಲ್ಲಿಂದ ಮುಂದೆ ಕಾದಂಬರಿ ತನ್ನ ದೊಡ್ಡ ತಿರುವಿಗೆ ಬರುತ್ತದೆ. ತಾವು ತಮ್ಮ ತಂದೆಗೆ ಹುಟ್ಟಿದವರಲ್ಲ ಎಂಬ ಸಂಗತಿ ಮುದಿ ವಯಸ್ಸಿನಲ್ಲಿ ಶ್ರೋತ್ರಿಗಳಿಗೆ ತಿಳಿಯುತ್ತದೆ. ಆಸ್ತಿ ಸಹೋದರನ ಪಾಲಾಗಬಾರದೆಂಬ ಹಟದಿಂದ, ಸಂತಾನಶಕ್ತಿಯಿಲ್ಲದ ಆ ತಂದೆ ತನ್ನ ಹೆಂಡತಿಗೆ ಪರಪುರುಷನಿಂದ ಮಗುವಾಗುವಂತೆ ಏರ್ಪಾಡು ಮಾಡಿದ್ದ. ಪ್ರಾಚೀನ ಧರ್ಮಶಾಸ್ತ್ರಗಳು ಕ್ಷೇತ್ರಜ ಪುತ್ರನೆಂಬ ಕಲ್ಪನೆಯನ್ನು ಬಲ್ಲವು. ಶಾಸ್ತ್ರವನ್ನು ಮಾತ್ರ ಹಿಡಿದು ವಾದಿಸುವುದಾದರೆ ಶ್ರೋತ್ರಿಗಳಂಥ ಪಂಡಿತರಿಗೆ ತಪ್ಪಿಸಿಕೊಳ್ಳಲು ದಾರಿ ಇದ್ದೇ ಇತ್ತು. ಅವರು ಆ ದಾರಿ ಹಿಡಿಯುವುದಿಲ್ಲ. ದ್ವೇಷದಿಂದ, ಮೋಸದಿಂದ ತನಗೆ ಬಂದ ಆಸ್ತಿ ತನ್ನದಲ್ಲವೆಂದು ನಿರ್ಧರಿಸಿ, ಅದನ್ನು ಬಿಟ್ಟುಕೊಟ್ಟು, ಸಂನ್ಯಾಸ ಸ್ವೀಕರಿಸಿ ಮನೆಯಿಂದ ಹೊರಡುತ್ತಾರೆ. ಕನ್ನಡ ಕಾದಂಬರಿಯಲ್ಲಿ ವೃದ್ಧನೊಬ್ಬನಿಗೆ ಇಷ್ಟು ದೊಡ್ಡ ನೈತಿಕ ಕ್ರಿಯೆಯನ್ನು ಕೊಟ್ಟ ಉದಾಹರಣೆಗಳು ವಿರಳ. ಅದೇ 1965ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿಯೂ ಒಬ್ಬ ವೇದವಿದನ ಬಾಳು ಅಲುಗಾಡುತ್ತದೆ; ಆದರೆ ಪ್ರಾಣೇಶಾಚಾರ್ಯರ ಮುಂದೆ ಇನ್ನೂ ಬಾಳು ಉಳಿದಿದೆ. ಶ್ರೋತ್ರಿಗಳ ಮುಂದೆ ಉಳಿದಿರುವುದು ಕೆಲವೇ ದಿನಗಳು. ಆ ಕಾಲದ ಅಭಾವವೇ ಅವರ ಪ್ರಶ್ನೆಯನ್ನು ಹರಿತಗೊಳಿಸುತ್ತದೆ.

ನಮ್ಮ ವಾದ ಆರಂಭವಾಗುವುದು ಇಲ್ಲಿ. ಶ್ರೋತ್ರಿಗಳು ಯಾವ ತಪ್ಪಿಗಾಗಿ ಪರಿತಪಿಸುತ್ತಾರೆ? ತಂದೆ ಮಾಡಿದ ತಪ್ಪಿಗಾಗಿ. ಏನನ್ನು ಹಿಂದಿರುಗಿಸುತ್ತಾರೆ? ಆಸ್ತಿಯನ್ನು. ಆದರೆ ವಂಶದ ಶುದ್ಧಿ ಎಂಬ ಆ ನಂಬಿಕೆಯ ಮೇಲೆ ನಿಂತಿದ್ದದ್ದು ಆಸ್ತಿ ಒಂದೇ ಅಲ್ಲ. ಒಬ್ಬ ತಾಯಿಯಿಂದ ಮಗುವನ್ನು ಉಳಿಸಿಕೊಂಡದ್ದೂ ಅದರ ಮೇಲೆಯೇ. ವಂಶವೇ ಸುಳ್ಳಾದ ಮೇಲೆ, ಅಂದು ಅವರು ಸೊಸೆಗೆ ಆಡಿದ ಮಾತಿಗೆ ಯಾವ ಆಧಾರ ಉಳಿಯಿತು? ಈ ಪ್ರಶ್ನೆಯನ್ನು ಕಾದಂಬರಿಯ ಘಟನೆಗಳು ತಾವಾಗಿ ಎತ್ತುತ್ತವೆ. ಲೇಖಕರು ಅದನ್ನು ಶ್ರೋತ್ರಿಗಳ ಬಾಯಲ್ಲಿ ಪೂರ್ಣವಾಗಿ ಇಡುವುದಿಲ್ಲ. ಹೊಲಗದ್ದೆಗಳನ್ನು ಬಿಟ್ಟುಕೊಡಲು ಪತ್ರ ಸಾಕು. ಒಂದು ಮಗುವಿನ ಬಾಲ್ಯವನ್ನು ಅದರ ತಾಯಿಗೆ ಹಿಂದಿರುಗಿಸುವ ಪತ್ರ ಯಾವ ಕಚೇರಿಯಲ್ಲಿಯೂ ಸಿಗದು. ವೃದ್ಧಾಪ್ಯದ ಪಶ್ಚಾತ್ತಾಪಕ್ಕೆ ಇರುವ ನಿಜವಾದ ನೋವು ಇದೇ ಎಂದು ನಾವು ತಿಳಿದಿದ್ದೇವೆ: ಹಿಂದಿರುಗಿಸಬಹುದಾದದ್ದು ಸಣ್ಣದು, ಹಿಂದಿರುಗಿಸಲಾಗದ್ದು ದೊಡ್ಡದು.

ಆದಿಕಾಂಡದ 38ನೆಯ ಅಧ್ಯಾಯವನ್ನು ಬಲ್ಲವರಿಗೆ ಇಲ್ಲಿ ಯೆಹೂದನೂ ತಾಮಾರಳೂ ನೆನಪಾಗದೆ ಇರರು. ಅಲ್ಲಿಯೂ ಮಾವನಿದ್ದಾನೆ, ಗಂಡನನ್ನು ಕಳೆದುಕೊಂಡ ಸೊಸೆಯಿದ್ದಾಳೆ, ವಂಶವನ್ನು ಉಳಿಸುವ ನಿಯಮವಿದೆ. ಇಬ್ಬರು ಮಕ್ಕಳು ಸತ್ತ ಮೇಲೆ ಮೂರನೆಯವನನ್ನು ಅವಳಿಗೆ ಕೊಡಬೇಕಾಗಿದ್ದ ಯೆಹೂದನು, ನೆಪ ಹೇಳಿ ಅವಳನ್ನು ತವರಿಗೆ ಕಳುಹಿಸುತ್ತಾನೆ. ಅವಳು ಮುಸುಕು ಹಾಕಿಕೊಂಡು ದಾರಿಯಲ್ಲಿ ಕುಳಿತು ಅವನಿಂದಲೇ ಗರ್ಭಿಣಿಯಾಗುತ್ತಾಳೆ. ಅವಳನ್ನು ಸುಡಿಸಲು ಆಜ್ಞೆ ಮಾಡಿದ ಯೆಹೂದನ ಮುಂದೆ ಅವನದೇ ಮುದ್ರೆ, ದಾರ, ಕೋಲುಗಳು ಬಂದು ಬೀಳುತ್ತವೆ. ಆಗ ಅವನು ಎಲ್ಲರೆದುರಿಗೆ, ಅವಳು ತನಗಿಂತ ನೀತಿವಂತಳೆಂದೂ ತಾನು ಅವಳಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಲಿಲ್ಲವೆಂದೂ ಒಪ್ಪಿಕೊಳ್ಳುತ್ತಾನೆ. ಯೆಹೂದನು ಶ್ರೋತ್ರಿಗಳ ಕಾಲ ಧೂಳಿಗೂ ಸಮನಲ್ಲ. ಅವನಲ್ಲಿ ವಿದ್ಯೆಯಿಲ್ಲ, ಸಂಯಮವಿಲ್ಲ, ದಾರಿಬದಿಯ ಮುಸುಕಿನ ಹೆಣ್ಣಿನ ಎದುರು ಒಂದು ಗಳಿಗೆಯೂ ನಿಲ್ಲಲಾರದವನು. ಶ್ರೋತ್ರಿಗಳಾದರೋ ಲಕ್ಷ್ಮಿಯ ವಿಷಯದಲ್ಲಿ ತಮ್ಮನ್ನು ಗೆದ್ದವರು. ಆದರೂ ಆ ಒಂದು ಮಾತನ್ನು ಆಡಿದವನು ಯೆಹೂದ. ಮುಂದೆ 44ನೆಯ ಅಧ್ಯಾಯದಲ್ಲಿ, ತಮ್ಮ ಬೆನ್ಯಾಮೀನನ ಬದಲಿಗೆ ತಾನೇ ದಾಸನಾಗಿ ಉಳಿಯುವೆನೆಂದು ಐಗುಪ್ತದ ಅಧಿಕಾರಿಯ ಮುಂದೆ ನಿಲ್ಲುವವನೂ ಅವನೇ. ಆ ಎರಡು ಘಟನೆಗಳ ನಡುವೆ ಒಬ್ಬ ಮನುಷ್ಯ ಬದಲಾಗಿದ್ದಾನೆ. ಬದಲಾವಣೆಯ ಮೊದಲ ಹೆಜ್ಜೆ, ತಾನು ಯಾರಿಗೆ ಅನ್ಯಾಯ ಮಾಡಿದನೋ ಅವಳ ಹೆಸರನ್ನು ಹೇಳಿದ್ದು.

ಅವಳ ಹೆಸರು ಅಲ್ಲಿಗೆ ಮುಗಿಯುವುದಿಲ್ಲ. ಮತ್ತಾಯನ ಸುವಾರ್ತೆಯ ಮೊದಲ ಪುಟ ಒಂದು ವಂಶವೃಕ್ಷ. ಸಭೆಯಲ್ಲಿ ಅದನ್ನು ಓದುವಾಗ ನಾವು ಬೇಗ ಬೇಗನೆ ಓದಿ ಮುಗಿಸುತ್ತೇವೆ. ನಿಧಾನವಾಗಿ ಓದಿದರೆ ತಾಲ್ಲೂಕು ಕಚೇರಿಯ ಗುಮಾಸ್ತ ಒಪ್ಪದ ವಂಶವೃಕ್ಷವದು. ಗೆರೆಯ ಹೊರಗಿರಬೇಕಾದವರು ಒಳಗಿದ್ದಾರೆ: ತಾಮಾರಳು, ಯೆರಿಕೋವಿನ ರಾಹಾಬಳು, ಮೋವಾಬಿನ ರೂತಳು, ಊರೀಯನ ಹೆಂಡತಿ. ಕೊನೆಯ ಕೊಂಡಿಯಂತೂ ಬರೆಯುವ ಕ್ರಮವನ್ನೇ ಮುರಿಯುತ್ತದೆ. ಇಂಥವನಿಂದ ಇಂಥವನು ಹುಟ್ಟಿದನೆಂದು ಸಾಗಿಬಂದ ಪಟ್ಟಿ ಯೋಸೇಫನ ಬಳಿ ಬಂದಾಗ, ಅವನಿಂದ ಹುಟ್ಟಿದನೆಂದು ಹೇಳದೆ, ಮರಿಯಳ ಗಂಡನೆಂದು ಮಾತ್ರ ಹೇಳಿ ನಿಲ್ಲುತ್ತದೆ. ದಾವೀದನ ವಂಶವೆಂಬ ಹಕ್ಕು ಯೇಸುವಿಗೆ ಬಂದದ್ದು, ತನ್ನಿಂದ ಹುಟ್ಟದ ಮಗುವಿಗೆ ಹೆಸರಿಟ್ಟು ತನ್ನದೆಂದು ಸ್ವೀಕರಿಸಿದ ಒಬ್ಬ ಬಡಗಿಯ ಮೂಲಕ.

ಹೋಲಿಕೆಗೆ ಮಿತಿಯಿದೆ, ಅದನ್ನು ಮೀರಿ ಎಳೆದರೆ ಎರಡೂ ಕಡೆಗೆ ಅಪಚಾರ. ಶ್ರೋತ್ರಿಗಳ ಜನನದ ಹಿಂದಿರುವುದು ಆಸ್ತಿಯ ದ್ವೇಷ. ಸುವಾರ್ತೆ ಹೇಳುತ್ತಿರುವುದು ಬೇರೆಯೇ ಒಂದು ರಹಸ್ಯ. ಆದರೆ ಒಂದು ಸಂಗತಿಯನ್ನು ಗಮನಿಸದೆ ಬಿಡಲಾಗದು. ಯಾವ ಸತ್ಯ ಶ್ರೋತ್ರಿಗಳ ಬಾಳಿನ ತಳಹದಿಯನ್ನು ಕುಸಿಯಿಸುತ್ತದೆಯೋ, ಅಂದರೆ ತಂದೆಯೆನಿಸಿಕೊಂಡವನು ಜನಕನಲ್ಲವೆಂಬ ಸತ್ಯ, ಅದರ ಮೇಲೆಯೇ ಮತ್ತಾಯನು ತನ್ನ ಸುವಾರ್ತೆಯನ್ನು ಕಟ್ಟುತ್ತಾನೆ. ರಕ್ತದ ಗೆರೆ ತುಂಡಾದ ಸ್ಥಳದಲ್ಲಿ ಶ್ರೋತ್ರಿಗಳಿಗೆ ಕಾಣುವುದು ಶೂನ್ಯ. ಅಲ್ಲಿಂದ ಸಂನ್ಯಾಸವೊಂದೇ ದಾರಿ. ಇಷ್ಟು ವರ್ಷ ತಾವು ಮಗನಾಗಿ, ತಂದೆಯಾಗಿ, ತಾತನಾಗಿ ಬಾಳಿದ್ದು ರಕ್ತದಿಂದಲ್ಲ, ಸ್ವೀಕಾರದಿಂದ ಎಂದು ಅವರಿಗೆ ಹೊಳೆಯುವುದಿಲ್ಲ. ಹೊಳೆದಿದ್ದರೆ, ಇನ್ನೊಂದು ಮನೆಗೆ ಸೇರಿದ ಸೊಸೆಯನ್ನೂ ಅವರು ಸ್ವೀಕಾರದ ಹಕ್ಕಿನಿಂದಲೇ ಮತ್ತೆ ಮಗಳೆಂದು ಕರೆಯಬಹುದಾಗಿತ್ತು.

ಸಂನ್ಯಾಸವನ್ನು ಪಲಾಯನವೆಂದು ಕರೆದು ಕೈತೊಳೆದುಕೊಳ್ಳುವುದು ಕ್ರೈಸ್ತ ವಿಮರ್ಶಕರ ಹಳೆಯ ಚಾಳಿ. ಆ ಚಾಳಿಯನ್ನು ನಾವು ಮುಂದುವರಿಸಲಾರೆವು. ಭೈರಪ್ಪನವರ ಹುಟ್ಟೂರಿನ ತಾಲ್ಲೂಕಿನಲ್ಲಿಯೇ ಶ್ರವಣಬೆಳಗೊಳವಿದೆ. ಅಲ್ಲಿಯ ಚಂದ್ರಗಿರಿಯ ಬಂಡೆಗಳ ಮೇಲೆ, ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ಹೆಸರುಗಳು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಹಳಗನ್ನಡದಲ್ಲಿ ಕೆತ್ತಿ ನಿಂತಿವೆ. ಬಾಳಿನ ಕೊನೆಯ ಘಟ್ಟಕ್ಕೆ ತನ್ನದೇ ಆದ ಕೆಲಸವಿದೆ, ಅದನ್ನು ಎಚ್ಚರದಿಂದ ಮಾಡಬೇಕು ಎಂಬ ತಿಳಿವಳಿಕೆ ಈ ನೆಲದಲ್ಲಿ ಹಳೆಯದು. ವೈದಿಕರ ಆಶ್ರಮ ಕಲ್ಪನೆ ಬೇರೆ, ಜೈನರ ವ್ರತ ಬೇರೆ. ಆದರೂ ಮುಪ್ಪನ್ನು ಬರಿಯ ಕಾಯುವಿಕೆಯಾಗಿ ಎರಡೂ ಕಾಣುವುದಿಲ್ಲ. ನಮ್ಮ ಸಭೆಗಳು ಮುಪ್ಪಿಗೆ ಯಾವ ರೂಪವನ್ನು ಕೊಟ್ಟಿವೆ? ಮುಂದಿನ ಬೆಂಚು, ಕ್ರಿಸ್ಮಸ್ ಹಬ್ಬದಲ್ಲಿ ಒಂದು ಶಾಲು, ಕಾಯಿಲೆ ಬಿದ್ದಾಗ ಮನೆಯಲ್ಲಿ ಒಂದು ಪ್ರಾರ್ಥನೆ. ತೆಂಗಿನ ತೋಟವನ್ನೋ ಆಲೂಗೆಡ್ಡೆಯ ಹೊಲವನ್ನೋ ಗುತ್ತಿಗೆಗೆ ಕೊಟ್ಟು, ಬೆಂಗಳೂರಿನ ಮಕ್ಕಳ ಫೋನಿಗಾಗಿ ಕಾಯುತ್ತ ಕುಳಿತ ಹಿರಿಯರ ಮನೆಗಳಿಗೆ ನಾವು ಹೋಗುತ್ತೇವೆ. ತಮ್ಮನಿಗೆ ಪಾಲು ಕೊಡದೆ ಕಳುಹಿಸಿದ ಸಂಗತಿಯನ್ನೋ, ಮಗಳೊಂದಿಗೆ ಹತ್ತು ವರ್ಷ ಮಾತು ಬಿಟ್ಟದ್ದನ್ನೋ ಅರ್ಧ ಹೇಳಿ, “ಆಗಿದ್ದು ಆಗೋಯ್ತು ಅಯ್ಯನೋರೆ, ಈಗಿನ್ನೇನು ಮಾಡೋಕಾಯ್ತದೆ” ಎಂದು ನಿಲ್ಲಿಸುತ್ತಾರೆ. ನಾವು ಒಂದು ಕೀರ್ತನೆಯನ್ನು ಓದಿ, ಕಾಫಿ ಕುಡಿದು ಎದ್ದು ಬರುತ್ತೇವೆ. ಈಗ ಏನು ಮಾಡಬಹುದು ಎಂಬ ಪ್ರಶ್ನೆಗೆ ಶ್ರೋತ್ರಿಗಳು ತಮ್ಮ ಬಾಳಿನಿಂದ ಉತ್ತರಿಸಿದರು. ಉತ್ತರ ಅಪೂರ್ಣವೆಂದು ಹೇಳುವ ಮೊದಲು, ಉತ್ತರಿಸುವ ಧೈರ್ಯವನ್ನಾದರೂ ನಾವು ಗೌರವಿಸಬೇಕು.

ಅಪೂರ್ಣವೆಂದು ನಾವು ಹೇಳುವುದು ಇಷ್ಟಕ್ಕಾಗಿ. ನಮ್ಮ ಸತ್ಯವೇದದ ಕನ್ನಡದಲ್ಲಿ ಪಶ್ಚಾತ್ತಾಪದ ಜೊತೆಗೆ ‘ತಿರುಗಿಕೊಳ್ಳುವುದು’ ಎಂಬ ಮಾತಿದೆ. ತಿರುಗಿಕೊಳ್ಳುವವನು ಒಂದರಿಂದ ತಿರುಗಿ ಇನ್ನೊಂದರ ಕಡೆಗೆ ಮುಖ ಮಾಡಬೇಕು. ಲೂಕನ 19ನೆಯ ಅಧ್ಯಾಯದ ಜಕ್ಕಾಯನೂ ಶ್ರೋತ್ರಿಗಳಂತೆ ಆಸ್ತಿಯನ್ನು ಬಿಟ್ಟುಕೊಡುತ್ತಾನೆ: ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು. ಆದರೆ ಅವನ ಕಥೆ ನಡೆಯುವುದು ಅವನ ಮನೆಯೊಳಗೆ, ಊಟದ ಹೊತ್ತಿನಲ್ಲಿ. ರಕ್ಷಣೆ ಬಂದದ್ದು ಆ ಮನೆಗೆ. ಮರುದಿನ ಬೆಳಿಗ್ಗೆ ಜಕ್ಕಾಯನು ಅದೇ ಯೆರಿಕೋವಿನ ಬೀದಿಯಲ್ಲಿ, ತಾನು ಮೋಸಮಾಡಿದವರ ಮುಖಗಳನ್ನು ಒಂದೊಂದಾಗಿ ನೋಡುತ್ತ ನಡೆಯಬೇಕಾಗಿತ್ತು. ಶ್ರೋತ್ರಿಗಳಿಗೆ ಲೇಖಕರು ಆ ಬೀದಿಯನ್ನು ಕೊಡುವುದಿಲ್ಲ. ಅವರಿಗೆ ದೊರೆಯುವುದು ಊರ ಹೊರಗಿನ ದಾರಿ.

ಈ ಮಾತನ್ನು ನಾವು ಪೂರ್ತಿಯಾಗಿ ಹೇಳಲಾರದಂತೆ ತಡೆಯುವ ಒಂದು ದೃಶ್ಯ ಕಾದಂಬರಿಯ ಕೊನೆಯಲ್ಲಿದೆ. ಎಲ್ಲವನ್ನೂ ಬಿಟ್ಟು ಹೊರಟ ಶ್ರೋತ್ರಿಗಳು ಕಾತ್ಯಾಯನಿಯನ್ನು ನೋಡಲು ಬರುತ್ತಾರೆ. ಅವಳು ಮರಣಶಯ್ಯೆಯಲ್ಲಿದ್ದಾಳೆ. ತಾಯಿಗೆ ಅವಳ ಮಗನನ್ನು ಆ ಕೊನೆಯ ಗಳಿಗೆಯಲ್ಲಿ ಒದಗಿಸುವವರು ಅವರೇ. ವರ್ಷಗಳ ಹಿಂದೆ ಅದೇ ಮಗ ಕಾಲೇಜಿನಲ್ಲಿ ಅವಳ ಮುಂದೆ ಕುಳಿತಿದ್ದರೂ ಅವಳಿಗೆ ಬೇಕಾದ ಒಂದು ಮಾತು ಅವನಿಂದ ಬಂದಿರಲಿಲ್ಲ. ಶ್ರೋತ್ರಿಗಳ ಬಾಯಲ್ಲಿ ಯೆಹೂದನ ಮಾತು ಬರದಿದ್ದರೂ, ಅವರ ಕಾಲುಗಳು ಅವಳ ಮನೆಯತ್ತ ತಿರುಗಿವೆ. ಮೊದಲ ಓದಿನಲ್ಲಿ ಇದನ್ನು ನಾವು ಕೇವಲ ಕಥೆಯನ್ನು ಮುಗಿಸುವ ಉಪಾಯವೆಂದು ತಿಳಿದಿದ್ದೆವು. ಈಗ ಹಾಗೆ ಕಾಣುವುದಿಲ್ಲ. ವಿಧಿ, ಶಾಸ್ತ್ರ, ವಂಶ ಎಲ್ಲವೂ ಕಳಚಿಬಿದ್ದ ಮೇಲೆ ಒಬ್ಬ ಮುದುಕ ಮಾಡುವ ಮೊದಲ ಸ್ವತಂತ್ರ ಕ್ರಿಯೆ ಇದು.

ಆದರೆ ಬೆಲೆ ತೆತ್ತವರು ಯಾರು? ಮರುಮದುವೆಯಾದ ವಿಧವೆಯನ್ನು ಗರ್ಭಪಾತಗಳಿಂದ ದಂಡಿಸಿ ಕೊಲ್ಲುವ ಈ ಕಥಾಸಂವಿಧಾನದ ವಿರುದ್ಧ ಪ್ರಗತಿಪರ ಓದುಗರು ಎತ್ತಿದ ಆಕ್ಷೇಪಣೆ ನಮ್ಮ ದೃಷ್ಟಿಯಲ್ಲಿ ಸರಿಯಾದದ್ದೇ. ಅವಳ ಅಪರಾಧಪ್ರಜ್ಞೆ ಅವಳ ಕಾಲದ ಹೆಣ್ಣಿನ ಒಳಗೆ ನಿಜವಾಗಿ ಇದ್ದದ್ದು, ಲೇಖಕರು ಹೇರಿದ್ದಲ್ಲ ಎಂದು ಸಮರ್ಥಿಸುವವರಿದ್ದಾರೆ. ಆ ಮಾತು ಅವಳ ಮನಸ್ಸಿಗೆ ಅನ್ವಯಿಸಬಹುದು. ಅವಳ ಗರ್ಭಕ್ಕೆ ಅನ್ವಯಿಸುವುದಿಲ್ಲ. ದೇಹಕ್ಕೆ ಬಂದ ಕೇಡು ಕಥೆಗಾರನ ತೀರ್ಪು. ಶ್ರೋತ್ರಿಗಳಿಗೆ ಮುಪ್ಪನ್ನೂ, ಮುಪ್ಪಿನಲ್ಲಿ ಅರಿವನ್ನೂ, ಅರಿವಿನ ನಂತರ ಒಂದು ದಾರಿಯನ್ನೂ ಕೊಟ್ಟ ಲೇಖಕರು, ಕಾತ್ಯಾಯನಿಗೆ ಮುಪ್ಪನ್ನೇ ಕೊಡಲಿಲ್ಲ. ತಡವಾಗಿ ಬದಲಾಗುವ ಅವಕಾಶ ಬದುಕಿ ಉಳಿದವರಿಗೆ ಮಾತ್ರ. ಗಂಡಸಿಗೆ ಪಶ್ಚಾತ್ತಾಪಕ್ಕೆ ಬೇಕಾದಷ್ಟು ಆಯುಸ್ಸು, ಹೆಣ್ಣಿಗೆ ಶಿಕ್ಷೆಗೆ ಬೇಕಾದಷ್ಟು ಮಾತ್ರ ಎಂಬ ಈ ಹಂಚಿಕೆಯನ್ನು ನಾವು ದೊಡ್ಡ ಕಾದಂಬರಿಯೊಂದರ ದೊಡ್ಡ ದೋಷವೆಂದೇ ಎಣಿಸುತ್ತೇವೆ.

ಇದನ್ನು ಲೇಖಕರು ಸ್ವತಃ ಅರಿತಿದ್ದರೇ? ಐದು ವರ್ಷಗಳ ನಂತರ, 1970ರಲ್ಲಿ, ಅವರು ‘ಗೃಹಭಂಗ’ವನ್ನು ಪ್ರಕಟಿಸಿದರು. ಈ ಸಲ ಅವರು ಕಪಿಲಾ ತೀರವನ್ನು ಬಿಟ್ಟು ತಮ್ಮ ಬಾಲ್ಯದ ನೆಲಕ್ಕೆ, ಚನ್ನರಾಯಪಟ್ಟಣ ಮತ್ತು ತಿಪಟೂರುಗಳ ನಡುವಿನ ಹಳ್ಳಿಗಳಿಗೆ ಹಿಂದಿರುಗಿದ್ದಾರೆ. ಪ್ಲೇಗು ಲೇಖಕರ ಸ್ವಂತ ಮನೆಯನ್ನೂ ಬಾಲ್ಯದಲ್ಲಿ ಬರಿದುಮಾಡಿತ್ತು. ಕಾದಂಬರಿಯಲ್ಲಿಯೂ ಅದು ಬರುತ್ತದೆ. ಶಾನುಭೋಗಿಕೆಯ ಹಕ್ಕು ಗಂಡನ ಹೆಸರಿನಲ್ಲಿದೆ, ಆದರೆ ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ. ಊರಿನ ಹೊಲಗಳ, ಮನೆತನಗಳ ದಫ್ತರಗಳೆಲ್ಲ ಅವಳ ಕೈಬರಹದಲ್ಲಿ. ಅವಳ ಹೆಸರು ಮಾತ್ರ ಅವುಗಳಲ್ಲಿ ಎಲ್ಲಿಯೂ ಇಲ್ಲ. ವಂಶವೃಕ್ಷವನ್ನು ಬರೆಯುವ ಕೈ ಯಾರದೆಂದು ಈ ಕಾದಂಬರಿ ಕೇಳುತ್ತದೆ. ಅವಳ ಅತ್ತೆ ಗಂಗಮ್ಮ ಮುದುಕಿ; ಬಾಯಿ ತೆರೆದರೆ ಬೈಗುಳ. ಮುಪ್ಪು ಅವಳನ್ನು ಒಂದಿಷ್ಟೂ ಮೆದುಮಾಡುವುದಿಲ್ಲ. ವಯಸ್ಸಾದವರೆಲ್ಲ ಮಾಗುತ್ತಾರೆಂಬ ನಮ್ಮ ಮೃದು ನಂಬಿಕೆಗೆ ಗಂಗಮ್ಮ ಸಾಕಷ್ಟು ಉತ್ತರ, ಮತ್ತು ಅಂಥ ಗಂಗಮ್ಮಂದಿರನ್ನು ನಮ್ಮ ಹಿರಿಯರ ಕೂಟಗಳಲ್ಲಿಯೂ ನಾವು ಕಂಡಿಲ್ಲವೆಂದರೆ ಅದು ಸುಳ್ಳಾದೀತು.

ಆ ಕಾದಂಬರಿಯಲ್ಲಿ ಇನ್ನೊಬ್ಬ ಹಿರಿಯರಿದ್ದಾರೆ. ಮಹಾದೇವಯ್ಯನವರು. ಮನೆಮಠವಿಲ್ಲದೆ ಭಿಕ್ಷೆಯ ಮೇಲೆ ಬಾಳುವ ಜಂಗಮ. ಅವರನ್ನು ಊರು ಕರೆಯುವುದು ಅಯ್ಯನವರೆಂದು. ನಮ್ಮ ಊರುಗಳಲ್ಲಿ ಸಭಾಪಾಲಕರಿಗೂ ಅದೇ ಹೆಸರು. ಅವರಿಗೆ ಮಗನಿಲ್ಲ, ಗೋತ್ರದ ಚಿಂತೆಯಿಲ್ಲ, ಹಿಂದಿರುಗಿಸಲು ಆಸ್ತಿಯಿಲ್ಲ. ನಂಜಮ್ಮನ ಮನೆಯ ಸುಖದುಃಖಗಳ ಪಕ್ಕದಲ್ಲಿ ಅವರು ಇರುತ್ತಾರೆ, ಅಷ್ಟೇ. ಪ್ಲೇಗಿನಲ್ಲಿ ಮಕ್ಕಳು ಹೋಗಿ, ನಂಜಮ್ಮನೂ ಹೋದ ಮೇಲೆ, ಉಳಿದ ಹುಡುಗ ವಿಶ್ವನಿಗೆ ತಂದೆಯಿದ್ದೂ ದಿಕ್ಕಿಲ್ಲ. ಆಗ ಅಯ್ಯನವರು ಊರು ಬಿಡುತ್ತಾರೆ. ಶ್ರೋತ್ರಿಗಳಂತೆ ಅವರೂ ಮುಪ್ಪಿನಲ್ಲಿ, ಬರಿಗಾಲಲ್ಲಿ, ಹಿಂದಿರುಗಿ ನೋಡದೆ ಹೊರಡುವವರೇ. ಆದರೆ ಈ ಸಲ ಲೇಖಕರು ಆ ದಾರಿ ಹಿಡಿದ ಮುದುಕನ ಜೊತೆಗೆ ಹುಡುಗನನ್ನೂ ಕಳುಹಿಸಿದ್ದಾರೆ. ಯಾವ ರಕ್ತಸಂಬಂಧವೂ ಇಲ್ಲದ ಆ ಇಬ್ಬರು ನಡೆದುಹೋಗುತ್ತಾರೆ. ಅವರನ್ನು ಸೇರಿಸುವ ಗೆರೆ ಯಾವ ದಫ್ತರದಲ್ಲಿಯೂ ಇಲ್ಲ.